ಬ್ಯಾಟರಿ ಇಲ್ಲದ ವಾಕಿಟಾಕಿ, ಎದೆಯಲ್ಲಿ ಕತ್ತಿ: ಕೊರಿಯನ್ ಥ್ರಿಲ್ಲರ್ ನೋಡಿ ನನಗನಿಸಿದ್ದು

ಮೊದಲೇ ಹೇಳಿಬಿಡುತ್ತೇನೆ, ಕೊರಿಯನ್ ಲವ್ ಸ್ಟೋರಿ ನನಗೆ ಆಗಿಬರುವುದಿಲ್ಲ. ಶ್ರೀಮಂತ ಹುಡುಗ, ಬಡ ಹುಡುಗಿ, ಮಳೆ, ಇಬ್ಬರಿಗೂ ಒಂದೇ ಕೊಡೆ. ಎರಡು ಎಪಿಸೋಡಿಗೇ ಸಾಕಾಗಿ ಹೋಗುತ್ತೆ. ನನಗೆ ಹಿಡಿಸಿದ್ದು ಅವರ ಕೊಲೆ ಕೇಸುಗಳು ಮತ್ತು ದೆವ್ವಗಳು. ಲಾಕ್‌ಡೌನ್‌ನಲ್ಲಿ ಮಾಡಲು ಕೆಲಸವಿಲ್ಲದೆ ಸುಮ್ನೆ ಶುರು ಮಾಡಿದ್ದು, ಈಗ ಊಟ ಆದ ಮೇಲೆ ನಾನೂ ಅಮ್ಮನೂ ಕೂತು ನೋಡುವುದು ಮನೆಯ ಪದ್ಧತಿಯೇ ಆಗಿಬಿಟ್ಟಿದೆ. ಕೆಳಗೆ ಕಥೆ ಅಲ್ಲಲ್ಲಿ ಸ್ವಲ್ಪ ಬಿಟ್ಟುಕೊಟ್ಟಿದ್ದೇನೆ, ಕೊನೆ ಮಾತ್ರ ಎಲ್ಲೂ ಹೇಳಿಲ್ಲ.

ಯಾವುದರಿಂದ ಶುರು ಮಾಡಲಿ ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ಒಂದೇ ಹೆಸರು, 'ಸಿಗ್ನಲ್'. 2016ರದ್ದು, 16 ಎಪಿಸೋಡ್. ಬರೆದವರು ಕಿಮ್ ಉನ್‌ಹೀ. 2015ರಲ್ಲಿ ಒಬ್ಬ ಪೊಲೀಸ್ ಪ್ರೊಫೈಲರ್‌ಗೆ, ಅಂದರೆ ಅಪರಾಧಿಯ ಮನಸ್ಸು ಎಂಥದ್ದು ಅಂತ ಅಂದಾಜು ಮಾಡುವವನಿಗೆ, ಗುಜರಿ ಸಾಮಾನಿನ ನಡುವೆ ಒಂದು ಹಳೇ ವಾಕಿಟಾಕಿ ಸಿಗುತ್ತದೆ. ಅದರ ಮೇಲೆ ಯಾರೋ ಅಂಟಿಸಿದ ಹಳದಿ ನಗುಮುಖದ ಸ್ಟಿಕರ್. ಒಳಗೆ ಬ್ಯಾಟರಿಯೇ ಇಲ್ಲ. ಆದರೂ ರಾತ್ರಿ 11:23ಕ್ಕೆ ಅದು ಕರಕರ ಅಂತ ಶುರುವಾಗುತ್ತದೆ, ಆ ಕಡೆಯಿಂದ ಮಾತಾಡುತ್ತಿರುವವನು ಹಿಂದಿನ ಕಾಲದಲ್ಲಿರುವ ಇನ್ನೊಬ್ಬ ಪೊಲೀಸ್. ಇಷ್ಟೇ ಮ್ಯಾಜಿಕ್. ಇಡೀ ಸೀರಿಯಲ್‌ನಲ್ಲಿ ಇದು ಬಿಟ್ಟು ಬೇರೆ ಯಾವ ಪವಾಡವೂ ನಡೆಯುವುದಿಲ್ಲ. ಈ ವಾಕಿಟಾಕಿ ಯಾಕೆ ಹೀಗೆ, ಯಾರು ಮಂತ್ರಿಸಿದ್ದು, ಒಂದಕ್ಕೂ ಉತ್ತರ ಕೊಡುವುದಿಲ್ಲ. ನಾವೂ ಕೇಳುವುದಿಲ್ಲ, ಯಾಕೆಂದರೆ ಅಷ್ಟೊತ್ತಿಗೆ ಕೇಸಿನೊಳಗೆ ಮುಳುಗಿರುತ್ತೇವೆ.

ಮೊದಲ ಕೇಸನ್ನೇ ನೋಡಿ. 15 ವರ್ಷದ ಹಿಂದೆ ಶಾಲೆಯಿಂದ ಕಾಣೆಯಾದ ಒಂದು ಪುಟ್ಟ ಹುಡುಗಿಯದು. ಆ ಕಾಲದ ಅಲ್ಲಿನ ಕಾನೂನಿನ ಪ್ರಕಾರ ಕೊಲೆಯಾಗಿ 15 ವರ್ಷ ದಾಟಿದರೆ ಕೊಲೆಗಾರ ಎದುರಿಗೇ ಸಿಕ್ಕರೂ ಕೇಸು ಹಾಕುವಂತಿಲ್ಲ. ನಮ್ಮಲ್ಲಿ ಕೊಲೆಗೆ ಇಂಥ ಗಡುವೇ ಇಲ್ಲವಲ್ಲ, ಹಾಗಾಗಿ ನನಗೆ ಮೊದಲು ತಲೆಬುಡ ಅರ್ಥವಾಗಲಿಲ್ಲ. ಎಲ್ಲರೂ ಯಾಕೆ ಗಡಿಯಾರ ನೋಡಿ ಬೆವರುತ್ತಿದ್ದಾರೆ ಅಂತ ಯೋಚಿಸುತ್ತಿದ್ದೆ. ಆಮೇಲೆ ಗೊತ್ತಾಯಿತು, ಮಧ್ಯರಾತ್ರಿ ಹನ್ನೆರಡು ಹೊಡೆದರೆ ಮುಗಿಯಿತು. ವಿಚಾರಣೆ ಕೋಣೆಯಲ್ಲಿ ಕೂತ, ಕೊಲೆಯ ಅನುಮಾನವಿರುವ ಹೆಂಗಸಿಗೂ ಅದು ಗೊತ್ತು, ಪೊಲೀಸರಿಗೂ ಗೊತ್ತು. ನಿಜ ಜೀವನದಲ್ಲೂ ದಕ್ಷಿಣ ಕೊರಿಯಾ ಈ ಗಡುವನ್ನು 2015ರಲ್ಲಿ ತೆಗೆದುಹಾಕಿತು. ಅಂದರೆ ಈ ಸೀರಿಯಲ್ ಬಂದಾಗ ಅಲ್ಲಿನ ಜನಕ್ಕೆ ಆ ಗಾಯ ಇನ್ನೂ ಹಸಿಯಾಗಿಯೇ ಇತ್ತು.

ಇನ್ನೊಂದು ಕೇಸು ಹ್ವಾಸೊಂಗ್ ಕೊಲೆಗಳ ನೆರಳಿನಲ್ಲಿ ಬರೆದದ್ದು. 1986ರಿಂದ 1991ರವರೆಗೆ ಆ ಊರಿನ ಸುತ್ತ ಹತ್ತು ಜನ ಹೆಂಗಸರ ಕೊಲೆಯಾಗಿತ್ತು, ಯಾರು ಮಾಡಿದ್ದು ಅಂತ ಹತ್ತಾರು ವರ್ಷ ಗೊತ್ತೇ ಆಗಿರಲಿಲ್ಲ. 'ಸಿಗ್ನಲ್' ಬಂದು ಮೂರು ವರ್ಷ ಆದ ಮೇಲೆ, 2019ರಲ್ಲಿ, ಡಿಎನ್‌ಎ ಮೂಲಕ ಅಪರಾಧಿ ಸಿಕ್ಕ. ಎಲ್ಲಿದ್ದ ಗೊತ್ತಾ? ಬೇರೆ ಕೊಲೆಗೆ 1994ರಿಂದ ಜೈಲಿನಲ್ಲೇ ಇದ್ದ! ಗಡುವು ಮುಗಿದುಹೋಗಿದ್ದರಿಂದ ಈ ಕೊಲೆಗಳಿಗೆ ಶಿಕ್ಷೆ ಮಾತ್ರ ಆಗಲಿಲ್ಲ. ಇದರ ಜೊತೆಗೆ, ಆ ಕೊಲೆಗಳಲ್ಲೊಂದಕ್ಕೆ ತಪ್ಪಾಗಿ ಸಿಕ್ಕಿಬಿದ್ದ ಬೇರೊಬ್ಬ ಮನುಷ್ಯ 20 ವರ್ಷ ಜೈಲಿನಲ್ಲಿ ಕಳೆದಿದ್ದ, 2020ರಲ್ಲಿ ನಿರಪರಾಧಿ ಅಂತ ತೀರ್ಪು ಬಂತು. ಇದನ್ನೆಲ್ಲ ತಿಳಿದುಕೊಂಡು ನಾನು ಆ ಎಪಿಸೋಡುಗಳನ್ನು ಎರಡನೇ ಸಲ ನೋಡಿದೆ. ಮೊದಲ ಸಲ ಬರೀ ಥ್ರಿಲ್ ಇತ್ತು. ಎರಡನೇ ಸಲ ಹೊಟ್ಟೆಯೊಳಗೆ ಏನೋ ಕಿವುಚಿದ ಹಾಗಾಯಿತು.

ಆ ಭಾಗದಲ್ಲಿ ಒಂದು ದೃಶ್ಯ ಇದೆ. ವಾಕಿಟಾಕಿಯ ಆ ಕಡೆಯಿರುವ ಹಳೇ ಕಾಲದ ಪೊಲೀಸ್, ಅವನ ಹೆಸರು ಜೇಹಾನ್, ಭಾರೀ ಆಳು, ಮುಂಗೋಪಿ. ಒಬ್ಬ ಹುಡುಗಿಯ ಮೇಲೆ ಮನಸ್ಸಿತ್ತು, ಬಾಯಿಬಿಟ್ಟು ಹೇಳಿರಲಿಲ್ಲ. ಅವಳು ಕೊಲೆಯಾಗುತ್ತಾಳೆ. ಅವಳು ಅವನಿಗಾಗಿ ತೆಗೆದಿಟ್ಟಿದ್ದ ಸಿನಿಮಾ ಟಿಕೆಟ್ ಆಮೇಲೆ ಅವನ ಕೈಗೆ ಸೇರುತ್ತದೆ. ಅವನು ಒಬ್ಬನೇ ಥಿಯೇಟರಿಗೆ ಹೋಗಿ ಕೂರುತ್ತಾನೆ. ಅದು ಕಾಮಿಡಿ ಸಿನಿಮಾ. ಸುತ್ತ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾರೆ, ಇವನು ನಡುವೆ ಕೂತು ಮಗುವಿನ ಹಾಗೆ ಅಳುತ್ತಿದ್ದಾನೆ. ಸುತ್ತಲೂ ಆ ನಗುವಿನ ಸದ್ದು. ಚೋ ಜಿನ್‌ವುಂಗ್ ಅಂತ ನಟ. ನಮ್ಮಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ನಿಲ್ಸೋ ಸ್ವಲ್ಪ, ನೀರು ಕುಡ್ದು ಬರ್ತೀನಿ" ಅಂತ ಎದ್ದು ಹೋದರು. ನಾನು ಆಗ ಸುಮ್ಮನೆ ಮೊಬೈಲ್ ನೋಡುವ ಹಾಗೆ ನಟಿಸಿದೆ.

ಅದರಲ್ಲೇ ಇನ್ನೊಂದು, ಆಮ್ಲೆಟ್ ಅನ್ನದ ಪ್ರಸಂಗ. ಮನೆಯಲ್ಲಿ ನೋಡಿಕೊಳ್ಳುವವರಿಲ್ಲದ ಒಬ್ಬ ಹುಡುಗ ಮಾಂಸದ ಹೋಟೆಲೊಂದಕ್ಕೆ ಹೋಗಿ ಅಲ್ಲಿ ಮಾಡದೇ ಇರುವ ತಿಂಡಿ ಕೇಳುತ್ತಾನೆ, ಅನ್ನದ ಮೇಲೆ ಮೊಟ್ಟೆ ಹೊದಿಸಿದ ಆಮ್ಲೆಟ್ ಅನ್ನ. ಹೋಟೆಲಿನಾಕೆ ಮಾಡಿಕೊಡುತ್ತಾಳೆ, ಆಮೇಲೂ ಅವನು ಬಂದಾಗಲೆಲ್ಲ ಊಟ ಹಾಕುತ್ತಾಳೆ. ಎಷ್ಟು ಒಳ್ಳೆಯಾಕೆ ಅಂದುಕೊಂಡೇ ಅವನು ದೊಡ್ಡವನಾಗುತ್ತಾನೆ. ಆ ಊಟದ ದುಡ್ಡು ಯಾರು ಕೊಡುತ್ತಿದ್ದರು ಅನ್ನುವುದು ಅವನಿಗೆ ವರ್ಷಗಟ್ಟಲೆ ತಡವಾಗಿ ಗೊತ್ತಾಗುತ್ತದೆ. ಕಾಲ ದಾಟಿ ಮಾತಾಡುವ ಯಂತ್ರದ ಕಥೆಯಲ್ಲಿ ನನಗೆ ನೆನಪುಳಿದದ್ದು ಒಂದು ತಟ್ಟೆ ಮೊಟ್ಟೆ ಅನ್ನ!

ಇಲ್ಲೇ ನನ್ನ ವಾದ ಇರುವುದು. ಫ್ಯಾಂಟಸಿಯಲ್ಲಿ ಏನು ಬೇಕಾದರೂ ಆಗಬಹುದು ಅಂತ ಬಿಟ್ಟರೆ ನನಗೆ ಬೇಜಾರು ಬಂದುಬಿಡುತ್ತದೆ. ಒಂದೇ ಒಂದು ನಿಯಮ ಇರಬೇಕು, ಅದನ್ನು ಕಥೆಗಾರರೇ ಮುರಿಯಬಾರದು, ಮತ್ತು ಅದಕ್ಕೆ ಯಾರಾದರೂ ಬೆಲೆ ತೆರಬೇಕು. 'ಸಿಗ್ನಲ್'ನಲ್ಲಿ ಹಿಂದಿನ ಕಾಲದವನಿಗೆ ಎಚ್ಚರಿಕೆ ಕೊಟ್ಟರೆ ಒಂದು ಜೀವ ಉಳಿಯುತ್ತದೆ, ಸರಿ. ಆದರೆ ಕೊಲೆಗಾರ ಬೇರೆ ದಾರಿ ಹಿಡಿಯುತ್ತಾನೆ, ಇನ್ಯಾರದೋ ಮನೆ ಹಾಳಾಗುತ್ತದೆ. ಪೊಲೀಸರ ಬೋರ್ಡಿನ ಮೇಲಿನ ಸತ್ತವರ ಹೆಸರುಗಳು ಕಣ್ಣೆದುರೇ ಬದಲಾಗುವಾಗ ಖುಷಿಪಡಬೇಕೋ ಹೆದರಬೇಕೋ ಗೊತ್ತಾಗುವುದಿಲ್ಲ.

ಅದೇ ಕಿಮ್ ಉನ್‌ಹೀ ಬರೆದದ್ದು 'ಕಿಂಗ್‌ಡಮ್', 2019ರದ್ದು, ಮೊದಲ ಸೀಸನ್ ಆರೇ ಎಪಿಸೋಡ್. ರಾಜರ ಕಾಲದ ಕೊರಿಯಾದಲ್ಲಿ ಹೆಣಗಳು ಎದ್ದು ಓಡುತ್ತವೆ. ಜೋಂಬಿ ಕಥೆ ಅಂತ ಮೂಗು ಮುರಿಯಬೇಡಿ. ಇದು ಹಸಿವಿನ ಕಥೆ. ದೊಂಗ್ನೆ ಅನ್ನುವ ಊರಿನ ಆಸ್ಪತ್ರೆಯಲ್ಲಿ ರೋಗಿಗಳು ಅನ್ನವಿಲ್ಲದೆ ಬಿದ್ದಿದ್ದಾರೆ. ಒಂದು ದಿನ ಜಿಂಕೆ ಮಾಂಸದ ಸಾರು ಸಿಗುತ್ತದೆ, ಎಲ್ಲರೂ ಸೊರಸೊರ ಕುಡಿಯುತ್ತಾರೆ. ಅದು ಜಿಂಕೆಯದ್ದಲ್ಲ. ಇಷ್ಟು ಹೇಳಿದರೆ ಸಾಕಲ್ವಾ? ಮೊದಲ ಎಪಿಸೋಡನ್ನು ದಯವಿಟ್ಟು ಊಟ ಮಾಡುತ್ತಾ ನೋಡಬೇಡಿ, ನಾವು ಮುದ್ದೆ ಸಾರು ಇಟ್ಟುಕೊಂಡು ಕೂತಿದ್ದೆವು. ಇದರಲ್ಲೂ ಒಂದು ನಿಯಮ ಇದೆ, ಹೆಣಗಳು ಯಾವಾಗ ಏಳುತ್ತವೆ ಅನ್ನುವುದು. ನಮಗೆ ಅರ್ಥವಾಯಿತು ಅಂದುಕೊಂಡಿರುತ್ತೇವೆ. ಸೀಸನ್ನಿನ ಕೊನೆಯಲ್ಲಿ ಕಾಲ ಕೆಳಗಿನ ನೆಲ ಕುಸಿಯುತ್ತದೆ, ಆದರೆ ಮೋಸ ಮಾಡಿದರು ಅನಿಸುವುದಿಲ್ಲ, ಸುಳಿವು ಮೊದಲಿಂದ ಕಣ್ಣೆದುರೇ ಇತ್ತಲ್ಲ ಅನಿಸುತ್ತದೆ.

ಈಗ 'ಗಾಬ್ಲಿನ್'. 2016ರ ಡಿಸೆಂಬರಿನಲ್ಲಿ ಶುರುವಾದದ್ದು, ಕಿಮ್ ಉನ್‌ಸೂಕ್ ಬರೆದದ್ದು, ಲವ್ ಸ್ಟೋರಿಯೇ. ಹೌದು, ನನ್ನ ಮಾತನ್ನು ನಾನೇ ಮುರಿದೆ. 939 ವರ್ಷದ ಗಾಬ್ಲಿನ್ (ಕೊರಿಯಾದ ಜನಪದ ಕಥೆಗಳ ಒಂದು ಬಗೆಯ ಭೂತ), ಹಿಂದೆ ಸೇನಾಪತಿಯಾಗಿದ್ದವನು, ಎದೆಯಲ್ಲಿ ಕತ್ತಿ ನೆಟ್ಟುಕೊಂಡೇ ತಿರುಗುತ್ತಿದ್ದಾನೆ. ಅದನ್ನು ಕೀಳುವುದು ಅವನ ವಧುವಿಗೆ ಮಾತ್ರ ಸಾಧ್ಯ. ಕಿತ್ತರೆ ಅವನಿಗೆ ಮುಕ್ತಿ, ಅಂದರೆ ಸಾವು. ನಿಯಮ ಅಂದರೆ ಹೀಗಿರಬೇಕು! ಅವಳು ಸಿಗಬೇಕು ಅಂತ ಒಂಬೈನೂರು ವರ್ಷ ಕಾದವನು, ಅವಳು ಸಿಕ್ಕ ಮೇಲೆ ಬದುಕಬೇಕು ಅಂತ ಆಸೆಪಡುತ್ತಾನೆ.

ಅವನ ಮನೆಯಲ್ಲಿ ಬಾಡಿಗೆಗಿರುವವನು ಒಬ್ಬ ಯಮದೂತ. ಕಪ್ಪು ಟೋಪಿ ಹಾಕಿದರೆ ಯಾರಿಗೂ ಕಾಣುವುದಿಲ್ಲ. ಸತ್ತವರನ್ನು ಕೂರಿಸಿ ಒಂದು ಕಪ್ ಟೀ ಕೊಡುತ್ತಾನೆ, ಕುಡಿದರೆ ಈ ಜನ್ಮದ ನೆನಪೆಲ್ಲ ಅಳಿಸುತ್ತದೆ. ಅಮ್ಮ ಇದನ್ನು ನೋಡಿ, "ನಮ್ ಯಮ ಕೋಣದ ಮೇಲೆ ಬಂದು ಹಗ್ಗ ಹಾಕಿ ಎಳ್ಕೊಂಡ್ ಹೋಗ್ತಾನೆ, ಇವ್ನು ನೋಡು, ಟೀ ಕುಡ್ಸಿ ಕಳಿಸ್ತಾನೆ, ಎಷ್ಟು ಮರ್ಯಾದಸ್ಥ" ಅಂದರು. ಆ ಪಾತ್ರ ಮಾಡಿದ ಲೀ ದೊಂಗ್‌ವುಕ್ ಈಗ ನಮ್ಮ ಮನೆಯಲ್ಲಿ 'ಟೀ ಹುಡುಗ'. ಇದರಲ್ಲಿ ಮನುಷ್ಯನಿಗೆ ನಾಲ್ಕು ಜನ್ಮ ಅನ್ನುವ ಮಾತು ಬರುತ್ತದೆ. ಬಿತ್ತುವ ಜನ್ಮ, ನೀರು ಹಾಯಿಸುವ ಜನ್ಮ, ಕೊಯ್ಯುವ ಜನ್ಮ, ಕೊಯ್ದದ್ದನ್ನು ಉಣ್ಣುವ ಜನ್ಮ. ಅಮ್ಮ ತಾನಿನ್ನೂ ನೀರು ಹಾಯಿಸುವುದರಲ್ಲೇ ಇದ್ದೇನೆ ಅಂತ ತೀರ್ಮಾನ ಮಾಡಿದ್ದಾರೆ.

ಕೊರಿಯಾದ ಜನಪದ ನಂಬಿಕೆಯಲ್ಲಿ ಯಮದೂತ ಮೂರು ಸಲ ಹೆಸರು ಕೂಗಿದರೆ ಮುಗಿಯಿತು, ಜೀವ ಹೊರಟಿತು. ಇದನ್ನು ಕೇಳಿದಾಗ ನನಗೆ ತಟ್ಟನೆ ನೆನಪಾದದ್ದು 90ರ ದಶಕದ 'ನಾಳೆ ಬಾ'. ಬೆಂಗಳೂರಿನಲ್ಲಿ ದೆವ್ವ ನಮ್ಮವರದೇ ದನಿಯಲ್ಲಿ ಹೆಸರು ಹಿಡಿದು ಕೂಗುತ್ತೆ ಅಂತ ಜನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಹಾಗೆ ಬರೆದದ್ದು. ಅಷ್ಟು ದೂರದ ದೇಶ, ಆದರೆ ರಾತ್ರಿ ಹೊತ್ತು ಹೆಸರು ಕೂಗಿದರೆ ಅಲ್ಲೂ ಎದೆ ಝಲ್ಲೆನ್ನುತ್ತೆ.

'ಗಾಬ್ಲಿನ್' ಬಗ್ಗೆ ತಕರಾರೂ ಇದೆ. ನಾಯಕಿ ಇನ್ನೂ ಸ್ಕೂಲ್ ಯೂನಿಫಾರ್ಮ್‌ನಲ್ಲಿರುವ ಹುಡುಗಿ, ಅವನು ನೋಡಲು ಮೂವತ್ತೈದು ದಾಟಿದವನು. ಕಥೆಯಲ್ಲಿ ಒಂಬೈನೂರು ಅನ್ನಿ, ನನಗೆ ಕಸಿವಿಸಿ ಆಗಿದ್ದು ಆಗಿದ್ದೇ. ಮತ್ತೆ ಜಾಹೀರಾತು! ಅಳುವ ದೃಶ್ಯ ಮುಗಿದ ತಕ್ಷಣ ಎಲ್ಲರೂ ಸಬ್‌ವೇ ಅಂಗಡಿಯಲ್ಲಿ ಸ್ಯಾಂಡ್‌ವಿಚ್ ಕಚ್ಚುತ್ತಿರುತ್ತಾರೆ. ಇದು ಇವರ ಎಷ್ಟೋ ಸೀರಿಯಲ್‌ಗಳ ಕಾಯಿಲೆ. ನಡುವಿನ ಎಪಿಸೋಡ್‌ಗಳು ಎಳೆದಾಡುತ್ತವೆ. ಆದರೆ ಕತ್ತಲ ದಾರಿಯಲ್ಲಿ ಇಬ್ಬರು ಉದ್ದ ಕೋಟಿನವರು ಹೊಗೆಯ ನಡುವೆ ವೀರರ ಹಾಗೆ ನಡೆದು ಬರುತ್ತಾರಲ್ಲ, ಆಮೇಲೆ ಒಂದು ದಿನ ಅದೇ ಠೀವಿಯಲ್ಲಿ ಈರುಳ್ಳಿ ಸೊಪ್ಪಿನ ಚೀಲ ಹಿಡಿದು ಬರುತ್ತಾರೆ. ಅದಕ್ಕಾಗಿ ಎಲ್ಲವನ್ನೂ ಮಾಫಿ ಮಾಡಿದೆ.

'ಆಲ್ಕೆಮಿ ಆಫ್ ಸೋಲ್ಸ್' ಮಾತ್ರ ನನ್ನ ಕೈ ಹತ್ತಲಿಲ್ಲ. 2022ರದ್ದು, ಮೊದಲ ಭಾಗ 20, ಎರಡನೆಯದು 10 ಎಪಿಸೋಡ್. ಬಟ್ಟೆ, ಸೆಟ್ಟು ಎಲ್ಲ ಕಣ್ಣಿಗೆ ಹಬ್ಬ. ಆದರೆ ಪರಕಾಯ ಪ್ರವೇಶಕ್ಕೆ ದಿನಕ್ಕೊಂದು ನಿಯಮ, ಇವತ್ತು ಹೇಳಿದ್ದು ನಾಳೆ ಇಲ್ಲ. ತುಂಬಾ ಜನಕ್ಕೆ ಇಷ್ಟ, ಜಗಳ ಬೇಡ. 'ಮೌಸ್' ಕೂಡ ಹಾಗೇ, ತಿರುವಿನ ಮೇಲೆ ತಿರುವು ಕೊಟ್ಟು ಕೊನೆಗೆ ಯಾರು ಸತ್ತರೂ ಅಯ್ಯೋ ಅನಿಸದ ಸ್ಥಿತಿಗೆ ತಂದು ನಿಲ್ಲಿಸಿತು.

ಮ್ಯಾಜಿಕ್ಕೇ ಬೇಡ ಅನ್ನುವವರಿಗೆ 'ಸ್ಟ್ರೇಂಜರ್', 2017. ಸರ್ಕಾರಿ ವಕೀಲ ಹ್ವಾಂಗ್ ಸಿಮೊಕ್‌ಗೆ ಚಿಕ್ಕಂದಿನಲ್ಲಿ ಮೆದುಳಿನ ಆಪರೇಷನ್ ಆಗಿ ಭಾವನೆಗಳೇ ಹೆಚ್ಚು ಇಲ್ಲ. ಜೊತೆಗೆ ಒಬ್ಬಳು ಪೊಲೀಸ್ ಆಫೀಸರ್, ಬೇ ದೂನಾ ಮಾಡಿದ ಪಾತ್ರ. ಮೊದಲೆರಡು ಎಪಿಸೋಡ್ ಹೆಸರುಗಳೇ ತಲೆಗೆ ಹತ್ತುವುದಿಲ್ಲ, ತಾಳ್ಮೆ ಬೇಕು. ಕೊಲೆಯಾದವನ ತಾಯಿಯನ್ನು ಆ ಆಫೀಸರ್ ತನ್ನ ಮನೆಗೇ ಕರೆದುಕೊಂಡು ಹೋಗಿ ಇಟ್ಟುಕೊಳ್ಳುತ್ತಾಳೆ. ಕೇಸಿಗೆ ಇದರಿಂದ ಏನೂ ಲಾಭವಿಲ್ಲ. ಸತ್ತವನ ಮನೆಯವರನ್ನು ಮರೆಯದ ಇಂಥ ಕಡೆಯಲ್ಲೇ ನಾನು ಇವರಿಗೆ ಸೋಲುವುದು.

ಒಂದು ಸಲಹೆ, ಡಬ್ಬಿಂಗ್ ಬೇಡ, ಮೂಲ ದನಿಯಲ್ಲೇ ನೋಡಿ. ಅವರೂ ಅಪ್ಪನಿಗೆ 'ಅಪ್ಪಾ' ಅಂತಲೇ ಕರೆಯುತ್ತಾರೆ, ಅಮ್ಮನಿಗೆ 'ಒಮ್ಮಾ'. ಕ್ರಿಯಾಪದ ನಮ್ಮ ಹಾಗೇ ವಾಕ್ಯದ ಕೊನೆಗೆ. ಮರ್ಯಾದೆ ಕೊಡುವಾಗ ಕೊನೆಗೊಂದು 'ಯೋ' ಸೇರಿಸುತ್ತಾರೆ, ನಾವು 'ರೀ' ಅನ್ನುವ ಹಾಗೆ. ಜಗಳದ ನಡುವೆ ಆ 'ಯೋ' ಮಾಯವಾದರೆ, ಓಹೋ ಈಗ ಏಕವಚನಕ್ಕೆ ಇಳಿದರು ಅಂತ ಅಮ್ಮನಿಗೂ ಗೊತ್ತಾಗುತ್ತೆ. ಇಂಗ್ಲಿಷ್ ಸಬ್‌ಟೈಟಲ್‌ನಲ್ಲಿ ಎಲ್ಲರೂ ಎಲ್ಲರಿಗೂ 'ಯು', ಅಷ್ಟೇ. ನಾನು ದುಡ್ಡು ಕೊಟ್ಟು ಹಾಕಿಸಿಕೊಂಡ ಒಂದು ಆಪ್‌ನಲ್ಲಂತೂ ಸಬ್‌ಟೈಟಲ್ ಮೂರು ಸೆಕೆಂಡ್ ಮೊದಲೇ ಬಂದು ಕೊಲೆಗಾರನ ಹೆಸರು ಹೇಳಿಬಿಟ್ಟಿತ್ತು.

ಸದ್ಯ 'ಬಿಯಾಂಡ್ ಈವಿಲ್' ನಡೆಯುತ್ತಿದೆ, 2021ರದ್ದು. ಮಾನ್ಯಾಂಗ್ ಅನ್ನುವ ಸಣ್ಣ ಊರು, ಸಂಜೆಯಾದರೆ ಎಲ್ಲರೂ ಮಾಂಸದಂಗಡಿಯಲ್ಲಿ ಸೇರಿ ತಿಂದು ಕುಡಿಯುತ್ತಾರೆ, ಅವರಲ್ಲೇ ಒಬ್ಬ ಕೊಲೆಗಾರ. ನಾಯಕನ ಪಾತ್ರ ಮಾಡಿದ ಶಿನ್ ಹಾಕ್ಯುನ್ ನಗುತ್ತಾನಲ್ಲ, ಆ ನಗು ನೋಡಿದರೆ ಇವನೇ ಮಾಡಿರಬೇಕು ಅನಿಸುತ್ತೆ, ಮರುಕ್ಷಣ ಪಾಪ ಅನಿಸುತ್ತೆ. ಒಂಬತ್ತನೇ ಎಪಿಸೋಡಿಗೆ ನಿಂತಿದ್ದೇವೆ. ಅಮ್ಮ ಚಿಕ್ಕಮ್ಮನ ಮನೆಗೆ ಹೋಗಿದ್ದಾರೆ, ಸೋಮವಾರ ಬರುತ್ತಾರೆ. ಹೋಗುವಾಗ ಬಸ್ ಹತ್ತಿ ಕಿಟಕಿಯಿಂದ, "ನಾನಿಲ್ದೆ ನೋಡಿದ್ರೆ ನೋಡು ಮತ್ತೆ" ಅಂದು ಹೋಗಿದ್ದಾರೆ.