ಕ್ಲೆಮಾಂ ಬಿಳಿ ರಮ್: ಬಾಟಲಿಯೊಳಗಿನ ಕಬ್ಬಿನ ಗದ್ದೆ

ಮುಚ್ಚಳ ತೆಗೆದ ಕೂಡಲೇ ಮಂಡ್ಯದ ಆಲೆಮನೆ ನೆನಪಾಯಿತು. ಕೆರಿಬಿಯನ್ ಸಮುದ್ರದ ಫ್ರೆಂಚ್ ದ್ವೀಪ ಮಾರ್ಟಿನೀಕಿನ ಈ ರಮ್ಮನ್ನು ಕಾಕಂಬಿಯಿಂದಲ್ಲ, ಹಸಿ ಕಬ್ಬಿನ ಹಾಲಿನಿಂದಲೇ ಇಳಿಸುತ್ತಾರೆ. ಅಲ್ಲಿನ ಇಂಥ ರಮ್ಮಿಗೆ 1996ರಿಂದ ಫ್ರಾನ್ಸಿನ ಮೂಲಸ್ಥಳದ ಮಾನ್ಯತೆಯಿದೆ. ನಾನು ಕೊಂಡದ್ದು ಶೇ 50 ಆಲ್ಕೋಹಾಲ್ ಇರುವ ಬಾಟಲಿ. ಪ್ಯಾರಿಸಿನ ನಮ್ಮ ಮನೆಯಲ್ಲಿ ಇದರಿಂದ ಮಾಡುವುದು ಟಿ ಪಂಚ್ ಎಂಬ ಅಲ್ಲಿನ ಪಾನೀಯವೊಂದನ್ನೇ. ಚಿಕ್ಕ ಲೋಟಕ್ಕೆ ಒಂದು ಚಮಚ ಕಬ್ಬಿನ ಪಾಕ ಹಾಕಿ, ನಿಂಬೆಯ ಬದಿಯಿಂದ ಕೊಯ್ದ ನಾಣ್ಯದಗಲದ ಬಿಲ್ಲೆಯನ್ನು ಹಿಂಡಿ ಅದರೊಳಗೇ ಬಿಟ್ಟು, 50 ಮಿ.ಲೀ. ರಮ್ ಸುರಿದು ಕಲಕುತ್ತೇನೆ. ಐಸ್ ಬೇಡ. ಸಿಪ್ಪೆಯ ಎಣ್ಣೆಯೇ ಇದರ ಜೀವ. ಅರ್ಧ ನಿಂಬೆ ಹಿಂಡಿದರೆ ಕಬ್ಬಿನ ಹಸಿರು ಪರಿಮಳವೆಲ್ಲ ಅಡಗಿಹೋಗುತ್ತದೆ. ಮಾರ್ಟಿನೀಕಿನಲ್ಲಿ ಪಾಕ, ನಿಂಬೆ, ಬಾಟಲಿಗಳನ್ನು ಮುಂದಿಟ್ಟು ಹದವನ್ನು ಅತಿಥಿಗೇ ಬಿಡುತ್ತಾರೆ. ನಾನೂ ಈಗ ಹಾಗೆಯೇ ಮಾಡುತ್ತೇನೆ.