ಎಸ್‌ಕ್ಯೂಲೈಟ್: ಅಡತಿ ಅಂಗಡಿ ಲೆಕ್ಕಕ್ಕೆ ಧಾರಾಳ ಸಾಕು, ಯೂನಿಯನ್ ಬರೆಯುವಾಗ ಮಾತ್ರ ಹುಷಾರು

ಬ್ಯಾಡಗಿಯಲ್ಲಿ ನಮ್ಮದು ಮೆಣಸಿನಕಾಯಿ ಅಡತಿ ಅಂಗಡಿ. ಹಲವು ವರ್ಷಗಳಿಂದ ಲೆಕ್ಕವೆಲ್ಲ ಎಸ್‌ಕ್ಯೂಲೈಟ್ ಅನ್ನೋ ಡೇಟಾಬೇಸ್ ತಂತ್ರಾಂಶದಲ್ಲೇ ಇದೆ, ಅಂದರೆ ಮಾಹಿತಿಯನ್ನು ಸಾಲು-ಕಾಲಂಗಳ ಕೋಷ್ಟಕವಾಗಿ ಇಡುವಂಥದ್ದು. ಪುಕ್ಕಟೆ, ಸರ್ವರ್ ಬೇಡ, ಒಂದು ವರ್ಷದ ವ್ಯವಹಾರ ಒಂದೇ ಫೈಲ್. ಪೆನ್‌ಡ್ರೈವ್‌ಗೆ ಹಾಕಿಕೊಂಡರೆ ಬ್ಯಾಕಪ್ ಮುಗೀತು.

ಜಾಸ್ತಿ ಉಪಯೋಗಕ್ಕೆ ಬಂದಿದ್ದು ಅಟ್ಯಾಚ್ ಅನ್ನೋ ಆಜ್ಞೆ. ಈ ವರ್ಷದ ಫೈಲ್ ತೆರೆದು, ಹಿಂದಿನ ವರ್ಷಗಳದ್ದನ್ನೂ ಅದಕ್ಕೇ ಜೋಡಿಸಿ, ಎಲ್ಲದರಿಂದ ಒಂದೇ ಕ್ವೆರಿಯಲ್ಲಿ (ಡೇಟಾಬೇಸ್‌ಗೆ ಬರೆದು ಕೇಳುವ ಪ್ರಶ್ನೆ) ಉತ್ತರ ತೆಗೆಯಬಹುದು. ಮಾಮೂಲಿ ಸೆಟ್ಟಿಂಗ್‌ನಲ್ಲಿ 10 ಫೈಲ್‌ವರೆಗೆ ಜೋಡಿಸಬಹುದು. "ಮೂರು ವರ್ಷದಾಗ ಡಬ್ಬಿ ಎಷ್ಟ ಹಾಕೇನ್ರೀ, ಕಡ್ಡಿ ಎಷ್ಟ ಹಾಕೇನಿ" ಅಂತ ರೈತರು ಕೇಳಿದರೆ (ಡಬ್ಬಿ, ಕಡ್ಡಿ ಅಂದರೆ ಮೆಣಸಿನಕಾಯಿಯ ಬಗೆಗಳು), ಅವರು ಚಹಾ ಕುಡಿಯೋದರೊಳಗೆ ಹೇಳಬಹುದು.

ಬೇರೆ ಬೇರೆ ವರ್ಷದ ಸಾಲುಗಳನ್ನು ಒಂದರ ಕೆಳಗೊಂದು ಸೇರಿಸೋಕೆ ಯೂನಿಯನ್ ಅನ್ನೋ ಪದ ಬಳಸಬೇಕು. ಆದರೆ ಬರೀ ಯೂನಿಯನ್ ಅಂತ ಬರೆದರೆ, ಒಂದೇ ಥರದ ಸಾಲುಗಳಲ್ಲಿ ಒಂದನ್ನಿಟ್ಟುಕೊಂಡು ಉಳಿದವನ್ನು ಬಿಟ್ಟುಬಿಡುತ್ತದೆ. ಒಬ್ಬರದೇ ಎರಡು ಲಾಟ್, ಎರಡೂ 5 ಕ್ವಿಂಟಾಲ್, ಅದೇ ದಿನ, ಅದೇ ದರ. ಕ್ವೆರಿಯಲ್ಲಿ ಲಾಟ್ ನಂಬರ್ ಇಲ್ಲದಿದ್ದರೆ ಮೊತ್ತದಲ್ಲಿ 5 ಕ್ವಿಂಟಾಲ್ ಮಾಯ! ಎರರ್ ಕೂಡ ಬರಲ್ಲ. ಇದು ಎಸ್‌ಕ್ಯೂಲೈಟ್ ತಪ್ಪಲ್ಲ ಬಿಡಿ, ಕ್ವೆರಿ ಬರೆಯುವ ಭಾಷೆಯಾದ ಎಸ್‌ಕ್ಯೂಎಲ್ ನಿಯಮವೇ ಹಾಗೆ. ಯೂನಿಯನ್ ಆಲ್ ಅಂತ ಬರೆದರೆ ಎಲ್ಲ ಸಾಲೂ ಬರುತ್ತವೆ, ನಕಲು ಹುಡುಕುವ ರಗಳೆ ಇಲ್ಲದ್ದರಿಂದ ಕೆಲಸವೂ ಬೇಗ ಆಗುತ್ತದೆ.

ನನ್ನ ತಕರಾರು ಬೇರೆ. ಯೂನಿಯನ್ ಕಾಲಂ ಹೆಸರು ನೋಡಲ್ಲ, ಸರದಿ ಮಾತ್ರ ನೋಡುತ್ತದೆ ಅಲ್ವಾ? ಮೇಲಿನ ಸೆಲೆಕ್ಟ್‌ನಲ್ಲಿ (ಯಾವ ಕಾಲಂ ಬೇಕು ಅಂತ ಹೇಳುವ ಸಾಲು) ಹೆಸರು ಆಮೇಲೆ ತೂಕ, ಕೆಳಗಿನದರಲ್ಲಿ ತೂಕ ಆಮೇಲೆ ಹೆಸರು ಇದ್ದರೆ, ಪೋಸ್ಟ್‌ಗ್ರೆಸ್ ಅನ್ನೋ ಇನ್ನೊಂದು ಡೇಟಾಬೇಸ್ ಆದರೆ ಅಕ್ಷರಕ್ಕೂ ಅಂಕಿಗೂ ಹೊಂದಲ್ಲ ಅಂತ ಅಲ್ಲೇ ತಡೆಯುತ್ತದೆ. ಎಸ್‌ಕ್ಯೂಲೈಟ್ ತುಟಿಪಿಟಕ್ಕೆನ್ನದೆ ತೂಕದ ಕಾಲಂನಲ್ಲಿ ರೈತರ ಹೆಸರು ಕೂರಿಸಿ ಕೊಡುತ್ತದೆ. ಮೊತ್ತ ತೆಗೆಯೋಕೆ ಸಮ್ ಹಾಕಿದರೆ ಆ ಹೆಸರನ್ನು ಸೊನ್ನೆ ಅಂತ ಹಿಡಿದು ಕೂಡಿಸಿಬಿಡುತ್ತದೆ! ಕಾಲಂ ಸಂಖ್ಯೆ ಹೆಚ್ಚುಕಮ್ಮಿ ಆದರಷ್ಟೇ ಎರರ್. ಹಾಗಾಗಿ ಸೆಲೆಕ್ಟ್ ಮುಂದೆ ಸುಮ್ನೆ ಸ್ಟಾರ್ (ಎಲ್ಲ ಕಾಲಂ ಅಂತ ಅರ್ಥ) ಹಾಕಬೇಡಿ, ಒಂದೊಂದೇ ಕಾಲಂ ಹೆಸರು ಬರೆಯಿರಿ.

ಯಾರಿಗೆ ಪಟ್ಟಿ ಹಣ ಇನ್ನೂ ಕೊಟ್ಟಿಲ್ಲ ಅಂತ ನೋಡೋಕೆ ಲೆಫ್ಟ್ ಜಾಯಿನ್ ಸಾಕು, ಅದು ಮೊದಲ ಕೋಷ್ಟಕದ ಎಲ್ಲ ಸಾಲೂ ಇಟ್ಟುಕೊಂಡು ಎರಡನೆಯದರಲ್ಲಿ ಹೊಂದುವುದನ್ನು ಪಕ್ಕಕ್ಕೆ ಜೋಡಿಸುತ್ತದೆ. ಅದರ ಜೊತೆಗೆ ಮುಂಗಡ ತಗೊಂಡು ಮಾಲು ತರದವರೂ ಬೇಕೆಂದರೆ ಎರಡೂ ಕೋಷ್ಟಕದ ಎಲ್ಲ ಸಾಲೂ ಇಟ್ಟುಕೊಳ್ಳುವ ಫುಲ್ ಔಟರ್ ಜಾಯಿನ್ ಬೇಕು. ಅದು ಎಸ್‌ಕ್ಯೂಲೈಟ್‌ಗೆ ಬಂದಿದ್ದೇ 2022ರಲ್ಲಿ, 3.39ನೇ ಆವೃತ್ತಿಯಲ್ಲಿ. ಅಲ್ಲಿಯವರೆಗೆ ಲೆಫ್ಟ್ ಜಾಯಿನ್‌ಗಳನ್ನೇ ಅದಲುಬದಲು ಬರೆದು ಯೂನಿಯನ್ ಆಲ್ ಹಾಕೋ ಸರ್ಕಸ್ ನಡೀತಿತ್ತು. ಅಂಗಡಿಯ ಕಂಪ್ಯೂಟರ್ ಹಳೇದಾಗಿದ್ದರೆ ಮೊದಲು ಆವೃತ್ತಿ ಯಾವುದು ನೋಡಿಕೊಳ್ಳಿ.

ಐದಕ್ಕೆ ನಾಲ್ಕು ಕೊಡ್ತೀನಿ.