ಬೀಜದ ಡಬ್ಬಕ್ಕೆ ನೀಲಿ ಹರಳು: ಒಂದು ಮಳೆಗಾಲ ಬಳಸಿದ ಮೇಲೆ

ಶಿರಸಿ ಕಡೆ ಮಳೆಗಾಲದಲ್ಲಿ ಬೀಜ ಉಳಿಸಿಕೊಳ್ಳುವುದು ಸುಲಭವಲ್ಲ. ಜುಲೈ ಬಂತೆಂದರೆ ಭರಣಿಯ ಉಪ್ಪೂ ನೀರಾಗುತ್ತದೆ. ಬೇಲಿ ಸಾಲಿಗೆಂದು ಆರಿಸಿಟ್ಟಿದ್ದ ಬೀಟೆ ಬೀಜ ಒಮ್ಮೆ ಪ್ಲಾಸ್ಟಿಕ್ ಕೊಟ್ಟೆಯಲ್ಲೇ ಬೂಷ್ಟು ಹಿಡಿದು ಹೋಯಿತು. ಅಷ್ಟೂ ಬೀಜ! ಅದಕ್ಕೇ 1 ಕಿಲೋ ನೀಲಿ ಸಿಲಿಕಾ ಜೆಲ್, ಅಂದರೆ ತೇವ ಹೀರುವ ಹರಳು, ತರಿಸಿದೆ. 450 ರೂಪಾಯಿ ಆಯಿತು.

ಬೀಟೆ ಕಾಯಿಯನ್ನು ಗೋಣಿಯ ಮೇಲೆ ನೆರಳಲ್ಲಿ ಒಣಗಿಸಿ, ಕೈಯಲ್ಲೇ ಬಿಡಿಸಿ, ಮೊರದಲ್ಲಿ ಕೇರಿದೆ. ಹುಳ ಕೊರೆದದ್ದನ್ನೆಲ್ಲ ತೆಗೆದೆ. ಹೊನ್ನೆ ಕಾಯಿಯ ಸುತ್ತಲಿನ ರೆಕ್ಕೆಯನ್ನು ಕತ್ತರಿಯಲ್ಲಿ ಕತ್ತರಿಸಿದೆ. ಇಲ್ಲದಿದ್ದರೆ ಡಬ್ಬ ತುಂಬಾ ರೆಕ್ಕೆಯೇ. ಬೀಜದಷ್ಟೇ ತೂಕದ ಹರಳನ್ನು ಬಟ್ಟೆಯಲ್ಲಿ ಕಟ್ಟಿ, ರಬ್ಬರ್ ಸುತ್ತಿದ ಮುಚ್ಚಳದ ಗಾಜಿನ ಡಬ್ಬದಲ್ಲಿ ಒಂದು ವಾರ ಜೊತೆಗಿಟ್ಟೆ. ನೀಲಿ ಹರಳು ತೇವ ಹೀರಿ ಗುಲಾಬಿಯಾಗುತ್ತದೆ. ಬೀಜದ ತೇವ ಶೇಕಡಾ 1ರಷ್ಟು ಇಳಿದರೂ ಅದರ ಆಯಸ್ಸು ಸುಮಾರು ಎರಡು ಪಟ್ಟಾಗುತ್ತದಂತೆ. ಆಮೇಲೆ ಒಂದೇ ಹಿಡಿ ಹರಳು ಉಳಿಸಿ ಡಬ್ಬ ಮುಚ್ಚಿದೆ.

ಮಳೆ ಕಳೆದ ಮೇಲೆ 50 ಬೀಟೆ ಬೀಜವನ್ನು ಮರಳಿನ ಮಡಿಗೆ ಹಾಕಿದೆ. 31 ಮೊಳೆತವು. ನನಗಂತೂ ತುಂಬಾ ಖುಷಿಯಾಯಿತು.

ಬೇಸರದ ಮಾತೂ ಇದೆ. ಪ್ಯಾಕೆಟ್ ಬಾಯಿ ಸರಿಯಾಗಿ ಅಂಟಿರಲಿಲ್ಲ. ಅರ್ಧ ಹರಳು ಬರುವಾಗಲೇ ಗುಲಾಬಿಯಾಗಿತ್ತು. ಅದನ್ನು ಹಳೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಮತ್ತೆ ನೀಲಿ ಮಾಡಿಕೊಂಡೆ. ಆ ಬಾಣಲೆ ಅಡುಗೆಗೆ ಬೇಡವೇ ಬೇಡ. ನೀಲಿ ಬಣ್ಣ ಕೋಬಾಲ್ಟ್ ಕ್ಲೋರೈಡ್‌ನದ್ದು, ಅದು ವಿಷ. ಮಕ್ಕಳ ಕೈಗೂ ಸಿಗಬಾರದು.

ಇದಕ್ಕಿಂತ ದೊಡ್ಡ ತಪ್ಪು ಪ್ಯಾಕೆಟ್ ಮೇಲೆ ಅಚ್ಚಾದ 'ಎಲ್ಲಾ ಬೀಜಗಳಿಗೂ' ಎಂಬ ಮಾತು. ಅದನ್ನು ನಂಬಿ ಹಲಸಿನ ಬೀಜವನ್ನೂ ಹಾಕಿದ್ದೆ. ಒಂದೂ ಮೊಳೆಯಲಿಲ್ಲ. ಹಲಸು, ನೇರಳೆ, ಧೂಪದ ಬೀಜ ಒಣಗಿದರೆ ಸತ್ತೇ ಹೋಗುತ್ತದೆ. ಹಣ್ಣು ಬಿದ್ದ ವಾರದೊಳಗೆ ತೊಳೆದು ಹಸಿಯಾಗಿಯೇ ಬಿತ್ತಬೇಕು. ಸುಮ್ನೆ ಡಬ್ಬಕ್ಕೆ ಹಾಕಬೇಡಿ. ಕಕ್ಕೆಯಂಥ ಗಟ್ಟಿ ಸಿಪ್ಪೆಯದಕ್ಕೆ ಹರಳಿನ ಗೊಡವೆ ಅಷ್ಟಿಲ್ಲ. ಕಪ್ಪು ತಿರುಳು ತೊಳೆದು ಒಣಗಿಸಿಟ್ಟರೆ ಸಾಕು. ಬಿತ್ತುವಾಗ ಮಾತ್ರ ಸಿಪ್ಪೆಯನ್ನು ಸ್ವಲ್ಪ ಉಜ್ಜಬೇಕು.

ಬೀಟೆ, ಹೊನ್ನೆ ಕೂಡಿಸುವವರು ಧೈರ್ಯವಾಗಿ ತೆಗೆದುಕೊಳ್ಳಬಹುದು. 5ಕ್ಕೆ 3 ಕೊಡುತ್ತೇನೆ. ಮುಂದಿನ ಸಲ ನಾನು ಕೋಬಾಲ್ಟ್ ಇಲ್ಲದ ಕೇಸರಿ ಹರಳನ್ನೇ ತರಿಸುತ್ತೇನೆ.